ಕರೆಂಟವ್ವನ ಹಾಡು ಮತ್ತು ನನ್ನ ಎರಡನೇ ಕ್ಯಾಸೆಟ್ಟು

ಹಾಡು ಕಟ್ಟುವವನ ಬದುಕಿನಲ್ಲಿ ಮತ್ತೇನಕ್ಕೆ ಬರ ಬಂದರೂ ನಗೆಪಾಟಲಾಗುವುದಕ್ಕೆ ಬರ ಬರುವುದಿಲ್ಲ. ವಾರಕ್ಕೊಂದಾದರೂ ಆಗುತ್ತಲೇ ಇರುತ್ತದೆ. ನಾನು ಬನಹಟ್ಟಿಯವನು. ಪಾವರಲೂಮಿನ ಮೇಲೆ ಸೀರೆ ನೇಯುವುದು ಕಸುಬು, ನೇಯುತ್ತಲೇ ಹಾಡು ಕಟ್ಟುವುದು ಚಟ. ಧಾಟಿ ಹಿರಿಯರದು, ಮಾತು ನನ್ನದು. ಕ್ಯಾಸೆಟ್ಟುಗಳ ಕಾಲ ಇನ್ನೂ ಮುಗಿಯದಿದ್ದಾಗ, ಬೀಳಗಿ ಕಡೆ ಅಣೆಕಟ್ಟಿನ ಹಿನ್ನೀರು ವರ್ಷ ವರ್ಷ ಮೇಲೇರುತ್ತಿದ್ದಾಗ, ನನ್ನ ಎರಡನೆಯ ಕ್ಯಾಸೆಟ್ಟು ಹೊರಬಂತು. ಅದರ ಹಿಂದೆ ಮುಂದೆ ನಡೆದದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ. ನಗುವವರು ನಗಬಹುದು. ನನ್ನ ಹೆಂಡತಿ ಆಗಲೇ ನಕ್ಕು ಮುಗಿಸಿದ್ದಾಳೆ.

ಗಟ್ಟಿ ರೀಲು

ಎರಡನೆಯದು ಬರಬೇಕಾದರೆ ಮೊದಲನೆಯದೊಂದು ಇರಬೇಕಲ್ಲ, ಇತ್ತು. ಜಮಖಂಡಿಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಒಬ್ಬ ಸಾಹುಕಾರರು ಅದನ್ನು ತಂದಿದ್ದರು. ತಂದರು, ಅಂಗಡಿಯ ಮೇಲಿನ ಸಾಲಿನಲ್ಲಿ ಇಟ್ಟರು, ಅದು ಅಲ್ಲೇ ಇತ್ತು. ನಾನು ಹೋದಾಗಲೆಲ್ಲ ಅವರು ಒಂದು ಅರಿವೆ ತಗೊಂಡು ಅದರ ಮೇಲಿನ ಧೂಳು ಒರೆಸುತ್ತಿದ್ದರು. ನನ್ನ ಮೇಲಿನ ಮರ್ಯಾದೆಗೆ ಅಷ್ಟು ಮಾಡುತ್ತಿದ್ದರು ಎಂದು ಕಾಣುತ್ತದೆ.

ನಮ್ಮ ಓಣಿಯಲ್ಲಿ ಅದನ್ನು ಕೊಂಡವರು ಒಬ್ಬರೇ, ಮೂಲೆಮನೆಯ ಹಿರಿಯರು. ಒಂದು ದಿನ ಕಟ್ಟೆಯ ಮೇಲೆ ಕೂತಿದ್ದವರು ನನ್ನನ್ನು ಕರೆದು ಕೂರಿಸಿಕೊಂಡು, “ಏ ತಮ್ಮಾ, ನಿನ್ನ ಕ್ಯಾಸೆಟ್ ಭಾಳ ಛಲೋ ಐತಿ ನೋಡು. ದಿನಾ ಹಚ್ಚತೇವಿ” ಅಂದರು.

ನನಗೆ ಎದೆ ತುಂಬಿ ಬಂತು. ಯಾವ ಹಾಡು ಹಿಡಿಸಿತು ಎಂದು ಕೇಳಿದೆ.

“ಹಾಡಿನದು ನನಗ ಗೊತ್ತಿಲ್ಲ. ಅದರ ತೂತಿಗೆ ಕಾಗದ ತುರುಕಿ, ನಮ್ಮ ಮೊಮ್ಮಗಳು ತೊದಲೂದು ಪೂರಾ ತುಂಬಿಸೀವಿ. ರೀಲು ಗಟ್ಟಿ ಐತಿ, ಒಮ್ಮಿನೂ ಸಿಗಹಾಕಿಕೊಂಡಿಲ್ಲ.”

ಆಗಿನ ಕ್ಯಾಸೆಟ್ಟುಗಳ ನೆತ್ತಿಯ ಮೇಲೆ ಎರಡು ಸಣ್ಣ ತೂತು ಇರುತ್ತಿದ್ದವು. ಅವನ್ನು ಮುಚ್ಚಿದರೆ ಇದ್ದ ಹಾಡು ಅಳಿಸಿ ಬೇಕಾದ್ದು ತುಂಬಿಕೊಳ್ಳಬಹುದಿತ್ತು. ನಾನು ಎದ್ದು ಹೊರಟೆ. ಅವರು ಹಿಂದಿನಿಂದ ಕೂಗಿ ಕೇಳಿದರು: “ಎರಡನೇದು ಯಾವಾಗ ಬಿಡತೀ? ಮತ್ತೊಂದು ಮೊಮ್ಮಗ ಹುಟ್ಯಾನ.”

ಮನೆಗೆ ಬಂದು ಹೆಂಡತಿಯ ಮುಂದೆ ಹೇಳಿದರೆ ಆಕೆ ಕಂಡಿಕೆ ಸುತ್ತುವ ರಾಟಿ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಂಡಿಕೆಯೆಂದರೆ ಲಾಳಿಯೊಳಗೆ ಇಡುವ ನೂಲಿನ ಸುರುಳಿ. ಅದು ಆಕೆಯ ಕೆಲಸ, ನೇಯುವುದು ನನ್ನದು. ನಕ್ಕು ಮುಗಿಸಿ ಗಂಭೀರವಾಗಿ ಅಂದಳು: “ಹಾಡಬ್ಯಾಡ್ರಿ ಅನ್ನೂದಿಲ್ಲ ನಾ. ಎರಡನೇದೂ ಮಾಡ್ರಿ. ಆದರ ಅದು ಬಂದು ವರ್ಷ ತುಂಬೂದರಾಗ, ನಮ್ಮ ಬೀಗರೂ ಬಿಜ್ಜರೂ ಅಲ್ಲದವರು, ಯಾರೂ ಹಾಡ್ರಿ ಅನ್ನದ, ತಾವಾಗಿ ನಿಮ್ಮ ಹಾಡು ಹಾಡಿದ್ದು ನನ್ನ ಕಿವೀಲೆ ನಾ ಕೇಳಬೇಕು. ಇಲ್ಲಂದ್ರ ಪದ ಬರಿಯೂ ವಹಿ ಕಟ್ಟಿ ಅಟ್ಟದ ಮ್ಯಾಲೆ ಇಡಬೇಕು.”

ನನಗೆ ಸಿಟ್ಟು ಮೂಗಿನ ಮೇಲೆ. ಎದ್ದು ಹೋಗಿ ಮಗ್ಗ ಮುಟ್ಟಿ “ಆಗಲಿ” ಅಂದುಬಿಟ್ಟೆ. ನೇಕಾರ ಮಗ್ಗ ಮುಟ್ಟಿ ಆಡಿದ ಮಾತು ತಪ್ಪುವ ಹಾಗಿಲ್ಲ. ಅಂದು ಸಂಜೆ ಊಟ ಸೇರಲಿಲ್ಲ. ಹಾಡು ಬಿಟ್ಟು ಬದುಕುವುದು ಹೇಗೆಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಮುಧೋಳದ ಕೌದಿ ಖೋಲಿ

ಎರಡನೆಯದಕ್ಕೆ ನಾನು ಕಟ್ಟಿದ ಹಾಡುಗಳಲ್ಲಿ ಒಂದರ ಮೇಲೆ ನನಗೆ ಬಹಳ ಭರವಸೆಯಿತ್ತು. ನಮ್ಮ ಊರಿನಲ್ಲಿ ಕರೆಂಟು ಬಂದರೆ ಮಗ್ಗ, ಹೋದರೆ ಮಾತು. ಅದು ಬರುವುದೂ ಹೋಗುವುದೂ ತವರಿಗೆ ಬಂದ ಮಗಳು ಬಾಗಿಲಲ್ಲೇ ನಿಂತು ಹೊರಟುಹೋದಂತೆ. ಅದನ್ನೇ ಹಾಡು ಮಾಡಿದೆ:

ಬಾರವ್ವ ಕರೆಂಟವ್ವ ಬಾಗಿಲಾಗ ನಿಂತಾಕಿ
ಬಂದು ನೀ ತುಸು ಕೂತು ಹೋಗ
ಚಾಕ್ಕಿಟ್ಟ ನೀರಿನ್ನೂ ಕುದಿಯೂದರೊಳಗಾಗಿ
ಚಪ್ಪಲಿ ಮೆಟ್ಟೂದು ಯಾಕ

ಹೀಗೆ ಐದು ನುಡಿ. ರೆಕಾರ್ಡಿಂಗು ಮುಧೋಳದ ಒಬ್ಬರ ಮನೆಯಲ್ಲಿ. ಅವರು ಒಂದು ಖೋಲಿಯ ನಾಲ್ಕೂ ಗೋಡೆಗೆ ಕೌದಿ ಬಡಿದು, ಕಿಟಕಿ ಮುಚ್ಚಿ, ನನ್ನನ್ನು ಮೈಕಿನ ಮುಂದೆ ನಿಲ್ಲಿಸಿ, ಸೂಜಿ ಬಿದ್ದ ಸಪ್ಪಳವೂ ಆಗಬಾರದು ಅಂದರು.

ನಾನು ಹಾಡಿದೆ. ಒಂದು ಸಾಲು ಮುಗಿಯುವುದರೊಳಗೆ ಅವರು ಕಿವಿಯ ಮೇಲಿನ ಹೆಡ್‌ಫೋನು ಕಿತ್ತೆಸೆದು ಬಂದರು. “ಯಾರನ್ನ ಕರ್ಯಾಕತ್ತೀರಿ?” ಎಂದು ಕೇಳಿದರು.

ಅವರದೂ ತಪ್ಪಿಲ್ಲ. ನಾಲ್ಕು ಮಗ್ಗದ ಸಪ್ಪಳದ ಮೇಲೆ ಕೇಳಿಸುವಂತೆ ಹಾಡಿ ರೂಢಿಯಾದ ಗಂಟಲು ನನ್ನದು. ಬನಹಟ್ಟಿಯವರು ಗುಟ್ಟು ಹೇಳಿದರೆ ರಬಕವಿಯವರಿಗೆ ಕೇಳಿಸುತ್ತದೆ ಎಂದು ನಮ್ಮನ್ನು ಆಡಿಕೊಳ್ಳುವುದುಂಟು. ಅವರು ನನ್ನನ್ನು ಎರಡು ಹೆಜ್ಜೆ ಹಿಂದೆ ಸರಿಸಿದರು. ಮತ್ತೆರಡು ಹೆಜ್ಜೆ. ಕಡೆಗೆ ನಾನು ಹೊಸ್ತಿಲ ಆಚೆ ನಿಂತಿದ್ದೆ, ಮೈಕು ಖೋಲಿಯೊಳಗಿತ್ತು, ನಡುವೆ ಅವರ ಹೆಂಡತಿ ಅಕ್ಕಿ ಆರಿಸುತ್ತ ಕೂತಿದ್ದರು.

ದನಿಯದೊಂದು ದಾರಿಗೆ ಬಂತು. ಆದರೆ ತಾಳ ಹೋಯಿತು. ಮೌನದಲ್ಲಿ ನನಗೆ ಹಾಡಲು ಬರುವುದಿಲ್ಲ ಎನ್ನುವುದು ನನಗೇ ಅಂದು ಗೊತ್ತಾಯಿತು. ಒಂದು ನುಡಿ ಓಡುತ್ತದೆ, ಮುಂದಿನದು ಕುಂಟುತ್ತದೆ. ಎಡಗೈ ತಾನಾಗಿ ಮಗ್ಗದ ಹಿಡಿಕೆ ಹುಡುಕುತ್ತದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದೂ ಹಾಡು ಆಗಲಿಲ್ಲ. ನನ್ನ ಕಣ್ಣ ಮುಂದೆ ಅಟ್ಟದ ಮೇಲಿನ ವಹಿ ಬಂತು.

ಕಡೆಗೆ ರೆಕಾರ್ಡಿಂಗಿನವರು ಕೇಳಿದರು: “ಮನ್ಯಾಗ ಹಾಡೂ ಮುಂದ ಏನು ಮಾಡತಿರತೀರಿ?”

“ಮಗ್ಗ ನಡಸತೇನ್ರಿ.”

ಅವರು ಎದ್ದು ಪಕ್ಕದ ಮನೆಗೆ ಹೋದರು. ಬರುವಾಗ ಅಲ್ಲಿಯ ದರ್ಜಿಯನ್ನು ಹೊಲಿಗೆ ಮಷಿನ್ ಸಮೇತ ಕರಕೊಂಡು ಬಂದು ಪಡಸಾಲೆಯಲ್ಲಿ ಕೂರಿಸಿದರು. ದರ್ಜಿ ಮಷಿನ್ ತುಳಿದ, ಟಕಟಕ ಸಪ್ಪಳ ಬಂತು, ನನ್ನ ಗಂಟಲು ತೆರೆಯಿತು. ಹಾಡಿನ ಮೇಲೆ ಹಾಡು ಆಗಿಹೋದವು. ಸಂಜೆ ಎಲ್ಲ ಮುಗಿಯಿತೆಂದು ನಾನು ನೀರು ಕುಡಿಯುತ್ತಿದ್ದರೆ ದರ್ಜಿ ಹೊರಗಿನಿಂದ ಕೇಳಿದ: “ಇನ್ನೊಂದು ಹಾಡು ಇಲ್ಲೇನ್ರಿ? ನಂದೊಂದು ಜಂಪರ್ ಉಳದೈತಿ.”

ದೇವರ ಒಪ್ಪಿಗೆ

ಮರುದಿನ ಡೊಳ್ಳಿನ ಹಾಡುಗಳಿದ್ದವು. ಡೊಳ್ಳು ಬಾರಿಸಲು ಸಾವಳಗಿಯಿಂದ ನಮ್ಮ ಮಾವ ಬಂದಿದ್ದ. ಖರೆ ಮಾವನಲ್ಲ. ಅವನು ಕುರಿ ಕಾಯುವ ಮನೆತನದವನು, ನಮ್ಮಪ್ಪನಿಂದ ಕಂಬಳಿಗೆ ಬದಲು ಸೀರೆ ಒಯ್ಯುತ್ತಿದ್ದ ಕಾಲದಿಂದ ಸ್ನೇಹ, ಬಾಯಿ ತುಂಬ ಮಾವ ಎಂದು ಕರೆದು ರೂಢಿ. ಹೆಗಲ ಮೇಲೆ ಕರಿ ಕಂಬಳಿ, ಹಣೆ ತುಂಬ ಭಂಡಾರದ ಅರಿಸಿನ, ಕಿವಿ ಮುಟ್ಟುವ ಮೀಸೆ. ಮನೆದೇವರು ಬೀರಪ್ಪನಿಗೆ ಮೊದಲು ಹಾಡದೆ ಡೊಳ್ಳಿಗೆ ಕೈ ಹಚ್ಚುವವನಲ್ಲ.

“ಮಾವಾ, ದೇವರ ಪದ ಸಣ್ಣದಾಗಿ ಮುಗಿಸು” ಎಂದು ನಾನು ಮೊದಲೇ ಹೇಳಿದ್ದೆ.

“ಸಣ್ಣದ ಐತಿ” ಅಂದ.

ಕಣ್ಣು ಮುಚ್ಚಿ ಶುರು ಮಾಡಿದ. ಬೀರಪ್ಪ ಹುಟ್ಟಿದ, ಬೆಳೆದ, ಮುಂದೆ ನಡೆದ. ರೆಕಾರ್ಡಿಂಗಿನವರು ಬಾಗಿಲಾಚೆಯಿಂದ ಕೈ ಬೀಸಿದರು. ಮಾವ ಕಣ್ಣು ಮುಚ್ಚಿದ್ದ. ನಾನು ಕೆಮ್ಮಿದೆ, ಡೊಳ್ಳಿನ ಸಪ್ಪಳದಲ್ಲಿ ನನ್ನ ಕೆಮ್ಮು ಯಾರಿಗೆ ಕೇಳಬೇಕು. ಮುಟ್ಟಿ ಎಬ್ಬಿಸೋಣವೆಂದರೆ ದೇವರ ಪದದ ನಡುವೆ ಮುಟ್ಟುವ ಧೈರ್ಯ ನನಗೂ ಇರಲಿಲ್ಲ, ಅವರಿಗೂ ಇರಲಿಲ್ಲ. ಒಂದು ಬದಿಯ ರೀಲು ಪೂರ್ತಿ ತಿರುಗಿ ಟಕ್ ಎಂದು ನಿಂತ ಮೇಲೆ ಮಾವ ಕಣ್ಣು ತೆರೆದ. ಮುಖದಲ್ಲಿ ಬಹಳ ಸಮಾಧಾನವಿತ್ತು.

“ಇನ್ನ ನಿನ್ನ ಹಾಡು ಶುರು ಮಾಡು. ದೇವರು ಒಪ್ಪಿಗಿ ಕೊಟ್ಟ.”

ರೆಕಾರ್ಡಿಂಗಿನವರು ಒಳಗೆ ಬಂದು ಕೈ ಮುಗಿದರು. “ಮುತ್ಯಾ, ಎ ಸೈಡು ಮುಗೀತ್ರಿ. ಇನ್ನ ಬಿ ಸೈಡು ಅಷ್ಟ ಉಳದೈತಿ.”

“ಹೌದಾ? ಹಂಗಾದ್ರ ಬಿ ಸೈಡಿಗೂ ಒಮ್ಮಿ ಕೇಳಬೇಕಾತು” ಎಂದು ಮಾವ ಮತ್ತೆ ಕಣ್ಣು ಮುಚ್ಚಿದ.

ಅನಗವಾಡಿಯಲ್ಲಿ ಬಿಡುಗಡೆ

ಹೇಗೋ ಕ್ಯಾಸೆಟ್ಟು ತಯಾರಾಯಿತು. ದೇವರ ಪದವನ್ನು ಬೇರೆ ರೀಲಿಗೆ ತೆಗೆದಿಟ್ಟು ಮಾವನಿಗೆ ಕೊಟ್ಟೆವು, ಅವನು ಅದನ್ನು ದೇವರ ಜಗುಲಿಯ ಮೇಲಿಟ್ಟು ಪೂಜೆ ಮಾಡಿದ. ಕ್ಯಾಸೆಟ್ಟಿನ ಮೇಲಿನ ಚಿತ್ರಕ್ಕಾಗಿ ಇದನ್ನೂ ತಂದ ಜಮಖಂಡಿಯ ಸಾಹುಕಾರರು ನಮ್ಮಿಬ್ಬರದೂ ಫೋಟೋ ತೆಗೆಸಿದ್ದರು. ಅಚ್ಚಾಗಿ ಬಂದಾಗ ನೋಡಿದರೆ ಅಂಗೈಯಷ್ಟು ಮಾವ, ಉಗುರಿನಷ್ಟು ನಾನು. ಸಾಹುಕಾರರನ್ನು ಕೇಳಿದರೆ, “ನೋಡ್ರಿ, ಹಾಡಾವರು ಅಂದ್ರ ಮಂದಿಗೆ ನಿಮ್ಮ ಮಾವನಂಗ ಕಾಣಬೇಕು. ನೀವು ಬ್ಯಾಂಕಿನ್ಯಾಗ ಚೀಟಿ ತುಂಬಾಕ ನಿಂತಾವರಂಗ ಕಾಣತೀರಿ” ಅಂದರು.

ಅನಗವಾಡಿಯಲ್ಲಿ ಮಾವನ ಬೀಗರಿದ್ದರು. ಹೊಳೆಯ ದಂಡೆಯ ಊರು, ಬೀರಪ್ಪನ ಗುಡಿಯ ಮುಂದೆ ದೊಡ್ಡ ಕಟ್ಟೆ. ಬಿಡುಗಡೆ ಅಲ್ಲೇ ಎಂದು ಮಾವ ಹಟ ಹಿಡಿದ. ಸೀರೆಯ ಪರದೆ ಕಟ್ಟಿದರು, ಟೇಪು ತಂದರು, ದೊಡ್ಡ ಸ್ಪೀಕರ್ ಇಟ್ಟರು. ಮುಖ್ಯ ಅತಿಥಿಯಾಗಿ ಬಂದ ಊರ ಹಿರಿಯರು ನೆಟ್ಟಗೆ ಹೋಗಿ ಮಾವನ ಕೊರಳಿಗೆ ಹಾರ ಹಾಕಿ, “ನಿಮ್ಮ ಫೋಟೋ ನೋಡೇವ್ರಿ” ಅಂದರು. ನನ್ನ ಕೈಗೆ ಒಂದು ತಂಬಿಗೆ ಕೊಟ್ಟು ಮಂದಿಗೆ ನೀರು ಕೊಡಲು ಹೇಳಿದರು. ಕೊಟ್ಟೆ. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನನ್ನ ಹೆಂಡತಿ ಹೆಂಗಸರ ನಡುವೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಆಕೆ ಯಾವುದು ಮಾಡುತ್ತಿದ್ದಾಳೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಭಾಷಣ ಮುಗಿಯಿತು. ಅತಿಥಿಗಳು ಕ್ಯಾಸೆಟ್ಟನ್ನು ಎತ್ತಿ ತೋರಿಸಿ, ಟೇಪಿನಲ್ಲಿ ಹಾಕಿ, ಗುಂಡಿ ಒತ್ತಿದರು. “ಬಾರವ್ವ ಕರೆಂಟವ್ವ” ಎಂದು ನನ್ನ ದನಿ ಹೊಳೆಯ ಆಚೆಗೂ ಹೋಯಿತು. “ಬಾಗಿಲಾಗ ನಿಂತಾಕಿ” ಅನ್ನುವಷ್ಟರಲ್ಲಿ ಕರೆಂಟು ಹೋಯಿತು.

ನಾವು ತಂತಿ ಅಲುಗಿಸಿದೆವು, ಗುಂಡಿ ಒತ್ತಿದೆವು, ಟೇಪಿನ ಬೆನ್ನಿಗೆ ಬಡಿದೆವು. ನಾನು ಮುಂದೆ ಬಂದು, ಸ್ವಲ್ಪ ತಡೀರಿ, ಹಾಡು ಇನ್ನೂ ಐತ್ರಿ ಎಂದು ಕೈ ಮುಗಿದೆ. ಮುಂದೆ ಕೂತಿದ್ದ ಒಬ್ಬ ಮುದುಕ ಶಾಂತವಾಗಿ ಹೇಳಿದ: “ಇರಲಿ ಬಿಡಪ್ಪಾ. ನಮಗ ಅರ್ಥ ಆತು.”

ಆರನೇ ನುಡಿ

ಆ ದಿನ ಕಡೆಗೆ ನಾನೂ ಮಾವನೂ ಕಟ್ಟೆಯ ಮೇಲೆ ಕೂತು ಮೈಕಿಲ್ಲದೆ ಹಾಡಿದೆವು. ನನ್ನ ಗಂಟಲಿಗೆ ಮೈಕು ಬೇಕಾಗಿಯೂ ಇರಲಿಲ್ಲ. ಮಂದಿ ಕೇಳಿದರು, ಎದ್ದು ಹೋದರು. ಆಮೇಲೆ ತಿಂಗಳುಗಟ್ಟಲೆ ಏನೂ ಸುದ್ದಿಯಿಲ್ಲ. ಸಾಹುಕಾರರು ಈಗ ಎರಡು ಕ್ಯಾಸೆಟ್ಟಿನ ಧೂಳು ಒರೆಸತೊಡಗಿದರು. ಮೂಲೆಮನೆಯ ಹಿರಿಯರು ಎರಡನೆಯದನ್ನೂ ಕೊಂಡರು, ಅದು ಯಾತಕ್ಕೆ ಎಂದು ನಾನು ಕೇಳಲಿಲ್ಲ. ವರ್ಷ ತುಂಬಲು ಒಂದು ವಾರ ಉಳಿದಾಗ ನಾನೇ ಒಂದು ಹಳೆಯ ದೋತರ ಹುಡುಕಿ, ಕಟ್ಟಿಡಲೆಂದು ಪದದ ವಹಿಯ ಪಕ್ಕದಲ್ಲಿ ಇಟ್ಟೆ. ಹೆಂಡತಿ ಅದನ್ನು ನೋಡಿದಳು. ಆ ವಾರ ಆಕೆ ನಗಲೇ ಇಲ್ಲ. ಅದರಿಂದ ನನಗೆ ಇನ್ನಷ್ಟು ಸಂಕಟವಾಯಿತು.

ಅದೇ ವಾರ ಮಾವನನ್ನು ನೋಡಿಬರಲು ಸಾವಳಗಿಗೆ ಹೋಗಿ, ನಾನೂ ಹೆಂಡತಿಯೂ ಜಮಖಂಡಿ ಬಸ್ಸಿನಲ್ಲಿ ಮರಳುತ್ತಿದ್ದೆವು. ಬಸ್ಸಿನ ತುಂಬ ಮಂದಿ. ನಮ್ಮ ಮುಂದಿನ ಸೀಟಿನಲ್ಲಿ ತುಬಚಿ ಕಡೆಯ ಒಬ್ಬ ಮುದುಕಿ, ತೊಡೆಯ ಮೇಲೆ ಬದನೆಕಾಯಿ ಬುಟ್ಟಿ. ಸ್ವಲ್ಪ ದೂರ ಹೋದ ಮೇಲೆ ಮುದುಕಿ ಕಿಟಕಿಯ ಕಡೆ ಮುಖ ಮಾಡಿ ಗುನುಗತೊಡಗಿದಳು. ಬಾರವ್ವ ಕರೆಂಟವ್ವ, ಬಾಗಿಲಾಗ ನಿಂತಾಕಿ.

ನಾನು ಹೆಂಡತಿಯ ಕೈ ಹಿಡಿದೆ. ಆಕೆಯೂ ಕೇಳಿದ್ದಳು. ಕಣ್ಣು ದೊಡ್ಡವಾಗಿದ್ದವು. ಮುದುಕಿ ನಮಗೆ ಬೀಗರೂ ಅಲ್ಲ, ಬಿಜ್ಜರೂ ಅಲ್ಲ, ಯಾರೂ ಹಾಡು ಅಂದಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಅಲ್ಲಿಗೆ ಸುಮ್ಮನಿದ್ದರೆ ನಾನು ಗೆದ್ದಿದ್ದೆ. ಸುಮ್ಮನಿರುವುದು ನನ್ನ ಹಣೆಯಲ್ಲಿ ಬರೆದಿಲ್ಲ.

“ಆಯಿ, ಆ ಹಾಡು ಕಟ್ಟಿದಾಂವ ನಾನ್ರಿ” ಅಂದೆ.

ಮುದುಕಿ ತಿರುಗಿ ನೋಡಿದಳು. “ಯಾವ ಹಾಡು? ಇದಾ? ಇದು ನಮ್ಮ ಆಯಿ ಬೀಸೂ ಮುಂದ ಹಾಡತಿದ್ದ ಪದ.”

“ನಿಮ್ಮ ಆಯಿ ಕಾಲದಾಗ ಕರೆಂಟು ಎಲ್ಲಿತ್ರೀ ಆಯಿ?”

“ಇರಲಿಲ್ಲ. ಅದಕ್ಕ ಬಾ ಅಂತ ಕರದಾಳ.”

ಬಸ್ಸೆಲ್ಲ ನಕ್ಕಿತು. ಹಿಂದಿನ ಸೀಟಿನವನೊಬ್ಬ, ಮುದುಕಿ ಹೇಳೂದು ಖರೆ ಐತಿ, ನಮ್ಮ ಕಡೆನೂ ಹಾಡತಾರ, ಹಳೇ ಪದ ಅಂದ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಬಸ್ಸಿನ ಕಂಬಿ ಹಿಡಿದು, ಐದೂ ನುಡಿ ಹಾಡಿ ತೋರಿಸಿದೆ. ಮುದುಕಿ ತಲೆದೂಗುತ್ತ ಕೇಳಿ, ಮುಗಿದ ಮೇಲೆ ಹೇಳಿದಳು: “ಆತು, ಆರನೇ ನುಡಿ ಹಾಡು.”

“ಆರನೇದು ಇಲ್ರೀ. ಐದ ಅದಾವ.”

“ಆರನೇ ನುಡಿ ಬರಲಾರದಾಂವ ಹಾಡು ಕಟ್ಯಾನಂತ” ಎಂದು ಆಕೆ ಬಸ್ಸಿಗೆಲ್ಲ ಕೇಳಿಸುವಂತೆ ಹೇಳಿ, ತಾನೇ ಹಾಡಿದಳು:

ನೇಕಾರ ಮನಿಯಾಗ ನೆಪ್ಪಿಲ್ಲದ ಕೂಡಬ್ಯಾಡ
ನೆರಳಾಗ ಕುಂತುಂಬೊ ಮಂದಿ
ಬಾವ್ಯಾಗ ಮೋಟಾರು ಬಾಯ್ತೆರೆದು ಕಾದೈತಿ
ಕಬ್ಬೊಣಗತಾವ ಬಾ ಮೊದಲ

ಹಾಡು ಹೊಳೆ ದಾಟಿ, ಊರೂರು ತಿರುಗಿ, ರೈತರ ಬಾಯಿಗೆ ಬಿದ್ದು, ನಾನು ಮನೆಗೆ ಕರೆದ ಕರೆಂಟನ್ನು ಹೊಲಕ್ಕೆ ಎಳೆದುಕೊಂಡು ಹೋಗಿತ್ತು. ಬಸ್ಸಿನಲ್ಲಿದ್ದ ಕಬ್ಬಿನವರೆಲ್ಲ ಹೋ ಎಂದರು. ನಾನು ಜೇಬಿನಿಂದ ಪೆನ್ನು ತೆಗೆದು ಟಿಕೀಟಿನ ಹಿಂದೆ ಬರೆದುಕೊಳ್ಳತೊಡಗಿದೆ, ಯಾಕೆಂದರೆ ನುಡಿ ಚೆನ್ನಾಗಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಹಾಡಿದರು. ನೋಡಿದರೆ ನನ್ನ ಹೆಂಡತಿ. ಹನ್ನೆರಡು ವರ್ಷದ ಸಂಸಾರದಲ್ಲಿ ಆಕೆ ಹಾಡಿದ್ದನ್ನು ನಾನು ಕೇಳಿರಲಿಲ್ಲ. ನೆರಳಾಗ ಕುಂತುಂಬೊ ಮಂದಿ, ಎಂದರೆ ಬಿಸಿಲಿಗೆ ಬೀಳದೆ ಕೂತು ಉಣ್ಣುವವರು, ಅನ್ನುವ ಮಾತು ಆಕೆಗೆ ತಾಗಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸವಾಲಿನ ಹಾಡಿಕೆಯಲ್ಲಿ ಗಂಡಿನ ಪಕ್ಷದ ಹರದೇಶಿಗೆ ಹೆಣ್ಣಿನ ಪಕ್ಷದ ನಾಗೇಶಿ ಜವಾಬು ಕೊಡುವ ಗತ್ತಿನಲ್ಲಿ, ಅಲ್ಲೇ ಕಟ್ಟಿ ಅಲ್ಲೇ ಹಾಡಿದಳು:

ಕಬ್ಬಿಗೆ ಹೊಳಿಯೈತಿ ಕೆನಾಲ ನೀರೈತಿ
ಮಗ್ಗಕ್ಕ ನೀನಲ್ದ ಯಾರ
ನೆರಳಾಗ ಕುಂತವರು ನೇಯೂದು ಬಿಟ್ಟಾರ
ಹೊಲದಾಗ ಉಡತೀರಿ ಏನ

ರಬಕವಿ ಬನಹಟ್ಟಿಯ ಮಂದಿಯೂ ಬಸ್ಸಿನಲ್ಲಿದ್ದರು. ಈಗ ಅವರ ಸರದಿ. ಮುದುಕಿ ತನ್ನ ಸೀರೆಯನ್ನೊಮ್ಮೆ ನೋಡಿಕೊಂಡು ನಕ್ಕಳು, ಬುಟ್ಟಿ ಕೆಳಗಿಟ್ಟಳು, ಎಂಟನೆಯ ನುಡಿ ತೆಗೆದಳು. ಹೆಂಡತಿ ಒಂಬತ್ತನೆಯದು. ಎರಡು ಊರಿನ ಸ್ಟಾಪಿನಲ್ಲಿ ಇಳಿಯಬೇಕಾದವರು ಇಳಿಯಲಿಲ್ಲ. ನಾನು ನಡುವೆ ಬಾಯಿ ಹಾಕಿ, ಈ ಸಾಲಿನಲ್ಲಿ ಮಾತ್ರೆ ಹೆಚ್ಚಾಯಿತು ಎಂದು ತಿದ್ದಲು ಹೋದೆ. ಕಂಡಕ್ಟರು ನನ್ನ ಭುಜ ಹಿಡಿದು ಕೂರಿಸಿದ. “ಸುಮ್ಮ ಕುಂದರ್ರಿ ನೀವು. ಹಾಡು ಬಲ್ಲವರು ಹಾಡಾಕತ್ತಾರ.”

ಜಮಖಂಡಿ ಬಂತು. ಎಲ್ಲರೂ ಇಳಿದೆವು. ಮುದುಕಿ ನನ್ನ ಹೆಂಡತಿಯ ಗಲ್ಲ ಹಿಡಿದು ಲಟಿಕೆ ಮುರಿದು, “ಭಾಳ ಛಲೋ ಹಾಡತಿ ಯವ್ವಾ” ಅಂದಳು. ಆಮೇಲೆ ನನ್ನ ಕಡೆ ಗದ್ದ ತೋರಿಸಿ ಕೇಳಿದಳು: “ಇಂವ ನಿನ್ನ ಗಂಡನೇನು? ಏನು ಮಾಡತಾನ?”

ಹೆಂಡತಿ ನನ್ನನ್ನು ನೋಡಿದಳು. ಯಾರು ಕೇಳಿದರೂ ಆಕೆ ಇಷ್ಟು ವರ್ಷ ಕೊಟ್ಟ ಉತ್ತರ ಒಂದೇ, ಮಗ್ಗ ನೇಯತಾರ್ರೀ ಎಂದು.

“ಹಾಡು ಕಟ್ಟತಾರ್ರೀ ಆಯಿ” ಅಂದಳು.

ಮುದುಕಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಬುಟ್ಟಿ ತಲೆಯ ಮೇಲಿಟ್ಟುಕೊಂಡಳು.

“ಕಟ್ಟಲಿ ಬಿಡು. ಆದರ ಮದಲ ಈ ಒಂದು ಹಾಡು ಪೂರಾ ಕಲೀಲಿ.”